ಉಪಾಧ್ಯಾಯ ಗೋಖಲೆ

ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನು ಕೇಳಿದೊಡನೆ, ಮಹಾತ್ಮಾ ಗಾಂಧಿಯವರು ರಾಜಕೀಯ ಗುರುವೆಂದು ಭಾವಿಸಿದ ದೇಶನಾಯಕರು ನಮ್ಮ ನೆನಪಿಗೆ ಬರುತ್ತಾರೆ. ಆದರೆ ಗೋಖಲೆಯವರು ಮೊದಲು ಉಪಾಧ್ಯಾಯರು, ಬಳಿಕ ನಾಯಕರು. ಅವರ ದೇಶಸೇವೆಯು ಪಾಠದ ಕೊಠಡಿಯಿಂದ ಹೊರಟುದು ಹೇಗೆಂಬುದನ್ನು ನಾವು ಇಲ್ಲಿ ತಿಳಿದುಕೊಳ್ಳೋಣ.

ಅವರು 1866ರಲ್ಲಿ ರತ್ನಾಗಿರಿ ಸೀಮೆಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಅಣ್ಣ ಗೋವಿಂದರಾಯರು ಓದನ್ನು ಬಿಟ್ಟು, ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿ, ಅದರಲ್ಲಿ 8 ರೂಪಾಯಿಗಳನ್ನು ತಮ್ಮನ ವಿದ್ಯೆಗಾಗಿ ಕಳುಹಿಸುತ್ತಿದ್ದರು. ಒಬ್ಬನ ವಿದ್ಯೆಗೆ ಮತ್ತೊಬ್ಬನ ವಿದ್ಯೆಯೇ ಬೆಲೆಯಾಯಿತು. ಗೋಖಲೆಯವರು ಈ ಋಣವನ್ನು ಎಂದೂ ಮರೆಯಲಿಲ್ಲ.

1884ರಲ್ಲಿ ನಮ್ಮ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದಾಗ ಹೆಚ್ಚು ವರಮಾನದ ಹುದ್ದೆಗಳು ಅವರಿಗೆ ದುರ್ಲಭವಾಗಿರಲಿಲ್ಲ. ಆದರೂ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನು ಸೇರಿ, ತಿಂಗಳಿಗೆ 75 ರೂಪಾಯಿಗಳ ವೇತನದಲ್ಲಿ 20 ವರ್ಷ ಪಾಠ ಹೇಳುವ ವ್ರತವನ್ನು ಕೈಗೊಂಡರು. ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್, ಗಣಿತಗಳನ್ನೂ ಅನಂತರ ಚರಿತ್ರೆ, ಅರ್ಥಶಾಸ್ತ್ರಗಳನ್ನೂ ಬೋಧಿಸಿದರು.

ನ್ಯಾಯಮೂರ್ತಿ ರಾನಡೆಯವರು ಅವರಿಗೆ ಗುರುಗಳಾದರು. ಸರಕಾರದ ವರದಿಗಳನ್ನೂ ಆಯವ್ಯಯದ ಅಂಕಿಗಳನ್ನೂ ಓದಿ, ಅವುಗಳ ಹಿಂದೆ ಅಡಗಿರುವ ಪ್ರಜೆಯ ಕಷ್ಟವನ್ನು ಕಾಣುವ ವಿದ್ಯೆಯನ್ನು ಗೋಖಲೆಯವರು ಅವರಿಂದ ಕಲಿತರು. 1902ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಮಾತನಾಡುತ್ತ, ಬೊಕ್ಕಸದಲ್ಲಿ ಮಿಗುವ ಹಣವು ಏಳಿಗೆಯ ಗುರುತಲ್ಲ, ಬಡವರ ಮೇಲೆ ಹೊರಿಸಿದ ಅಧಿಕ ತೆರಿಗೆಯ ಗುರುತೆಂದು ಅಂಕಿಗಳಿಂದಲೇ ತೋರಿಸಿದರು. ಮರುವರ್ಷ ಉಪ್ಪಿನ ತೆರಿಗೆ ಇಳಿಯಿತು. ತರಗತಿಯ ಅರ್ಥಶಾಸ್ತ್ರವು ಬಡವನ ಗಂಜಿಯವರೆಗೆ ಮುಟ್ಟಿತು!

ಅದೇ 1902ರಲ್ಲಿ ಕಾಲೇಜಿನಿಂದ ನಿವೃತ್ತರಾಗಿ, 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ದೇಶಸೇವೆಗೆ ಉತ್ಸಾಹವೊಂದೇ ಸಾಲದು, ಅಭ್ಯಾಸವೂ ಬೇಕೆಂಬುದು ಅವರ ಮತ. ಆದುದರಿಂದ ಹೊಸ ಸದಸ್ಯರು 5 ವರ್ಷ ಶಿಕ್ಷಣ ಪಡೆಯಬೇಕೆಂಬ ನಿಯಮವಿದ್ದಿತು.

1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಕಡ್ಡಾಯಗೊಳಿಸುವ ಮಸೂದೆಯನ್ನು ಅವರು ಮಂಡಿಸಿದರು. ಬಡೋದೆಯ ಮಹಾರಾಜರು 1906ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಇದನ್ನು ಆಚರಣೆಗೆ ತಂದಿದ್ದರು. ಆದರೆ ಜನರಿಂದ ಬೇಡಿಕೆ ಬಂದಿಲ್ಲವೆಂದೂ ಹಣ ಸಾಲದೆಂದೂ ಸರಕಾರವು ವಿರೋಧಿಸಿತು. 1912ರಲ್ಲಿ 13 ಮತಗಳಿಗೆ ಎದುರಾಗಿ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಸೋಲು ಖಚಿತವೆಂದು ತಿಳಿದೂ ಗೋಖಲೆಯವರು ವಾದಿಸಿದ್ದರು. 1915ರಲ್ಲಿ ಅವರು ತೀರಿಕೊಂಡಾಗ ಆ ಕನಸು ಕನಸಾಗಿಯೇ ಉಳಿದಿತ್ತು.

ಬಿತ್ತಿದ ಬೀಜ ಮಾತ್ರ ಸಾಯಲಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕೆಂದು 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. 2009ರಲ್ಲಿ ರಚಿತವಾದ ಕಾಯಿದೆಯು 2010ರಲ್ಲಿ ಜಾರಿಗೆ ಬಂದಿತು.

ಕನ್ನಡಿಗರೂ ಈ ಮಹನೀಯರನ್ನು ತಮ್ಮವರೆಂದೇ ಬಗೆದರು. ಡಿ. ವಿ. ಗುಂಡಪ್ಪನವರು ಅವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದುದಲ್ಲದೆ, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು.

ಮಿತ್ರರೆ, ಸಮಾಜಶಾಸ್ತ್ರದ ಪುಸ್ತಕದಲ್ಲಿ ಇಸವಿಗಳೂ ಅಂಕಿಗಳೂ ಬಂದಾಗ ನಾವು ಬೇಸರಪಡುವುದುಂಟು. ಆ ಅಂಕಿಗಳಲ್ಲಿ ಮನುಷ್ಯರನ್ನು ಕಂಡ ಉಪಾಧ್ಯಾಯರೊಬ್ಬರು, ನಾವು ಇಂದು ಹಕ್ಕಿನಿಂದ ಕುಳಿತಿರುವ ಈ ಬೆಂಚಿಗಾಗಿ ನೂರು ವರ್ಷಗಳಿಗೂ ಹಿಂದೆ ವಾದಿಸಿ ಸೋತರೆಂಬುದನ್ನು ನೆನೆಯೋಣ. ಓದನ್ನು ಬಿಟ್ಟುಕೊಟ್ಟ ಆ ಅಣ್ಣನನ್ನೂ ಮರೆಯದಿರೋಣ.