ರೌಟರಿನ ಕಿರುಭಂಡಾರ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಊರಿನ ಒಂದು ಮನೆಗೆ ಅಂತರಜಾಲವು ತಂತಿಯ ಮೂಲಕ ಬಾರದೆ, ಮೊಬೈಲ್ ಗೋಪುರದಿಂದ ಡಾಂಗಲ್ ಎಂಬ ಕಿರುಸಾಧನದ ಮೂಲಕ ಬರುತ್ತದೆಂದು ಭಾವಿಸೋಣ. ಆ ಡಾಂಗಲ್ಲನ್ನು ಹಳೆಯದೊಂದು ರೌಟರಿಗೆ ಸಿಕ್ಕಿಸಿ ಮನೆಯವರೆಲ್ಲರೂ ಬಳಸಬೇಕಾದರೆ ರೌಟರಿಗೆ ಅದರ ಪರಿಚಯವಿರಬೇಕು. ಇಲ್ಲದಿದ್ದರೆ ಆ ಪರಿಚಯವನ್ನು ಮಾಡಿಕೊಡುವ ತಂತ್ರಾಂಶದ ಕಟ್ಟನ್ನು, ಎಂದರೆ ಪ್ಯಾಕೇಜನ್ನು, ಅದರೊಳಗೆ ಸ್ಥಾಪಿಸಬೇಕು. ತೊಡಕಿರುವುದು ಇಲ್ಲಿಯೇ. ಜಾಗವಿಲ್ಲವೆಂದು ಯಂತ್ರವು ತಿಳಿಸುತ್ತದೆ. ಮೊದಲಿನಿಂದ ಇದ್ದ, ಬೇಡವಾದ ಯಾವುದಾದರೊಂದನ್ನು ಅಳಿಸಿ ನೋಡಿದರೆ ಜಾಗವು ಹೆಚ್ಚುವ ಬದಲು ತುಸು ಕಡಿಮೆಯೇ ಆಗುತ್ತದೆ! ಈ ವೈಚಿತ್ರ್ಯಕ್ಕೆ ಕಾರಣವೇನು?

ರೌಟರೂ ಒಂದು ಗಣಕಯಂತ್ರವೇ. ಲಿಂಕ್‌ಸಿಸ್ ಸಂಸ್ಥೆಯು 2002ರ ಕೊನೆಯಲ್ಲಿ ಹೊರತಂದ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರಿನಲ್ಲಿ ಲಿನಕ್ಸ್ ಇತ್ತು. ಲಿನಕ್ಸಿನ ಪರವಾನಗಿಯ ನಿಯಮದಂತೆ ಅದರ ಮೂಲಸಂಕೇತವನ್ನು 2003ರಲ್ಲಿ ಬಹಿರಂಗಪಡಿಸಬೇಕಾಯಿತು. ಅದರಿಂದ 2004ರಲ್ಲಿ ಹುಟ್ಟಿದುದೇ ಓಪನ್‌ಡಬ್ಲ್ಯುಆರ್‌ಟಿ; ಬೇಕಾದ ಪ್ಯಾಕೇಜುಗಳನ್ನು ಸೇರಿಸಿಕೊಳ್ಳಲು ಅವಕಾಶವುಳ್ಳ ಮುಕ್ತ ತಂತ್ರಾಂಶ.

ನಮ್ಮ ಉದಾಹರಣೆಗೆ ಟಿಪಿ-ಲಿಂಕ್ ಸಂಸ್ಥೆಯ ಎಂಆರ್3020 ರೌಟರಿನ ಮೊದಲ ಆವೃತ್ತಿಯನ್ನು ತೆಗೆದುಕೊಳ್ಳೋಣ. ಅದರ ಫ್ಲಾಶ್ ಸ್ಮೃತಿ 4 ಮೆಗಾಬೈಟು. ಈಗಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಹೆಚ್ಚು ಕಡಿಮೆ ಇಷ್ಟು ಜಾಗ ಬೇಕು. ಈ 4096 ಕಿಲೋಬೈಟುಗಳನ್ನು ತಲಾ 64 ಕಿಲೋಬೈಟಿನ 64 ಅಂಕಣಗಳನ್ನಾಗಿ ಎಣಿಸಬಹುದು. ಯಂತ್ರವನ್ನು ಎಬ್ಬಿಸುವ ಕಾರ್ಯಕ್ರಮಕ್ಕೆ ಎರಡು ಅಂಕಣ, ರೇಡಿಯೋ ಭಾಗವನ್ನು ಹೊಂದಿಸುವ ಅಂಕಿಗಳಿಗೆ ಒಂದು. ಉಳಿದ 61ರಲ್ಲಿ ಮಿಕ್ಕುದೆಲ್ಲವೂ ಅಡಕವಾಗಬೇಕು.

ಫ್ಲಾಶ್ ಸ್ಮೃತಿಗೆ ಒಂದು ಹಟಮಾರಿ ಗುಣವಿದೆ. ಅದರಲ್ಲಿ ಒಂದನ್ನು ಸೊನ್ನೆಗೆ ಇಳಿಸುವುದು ಸುಲಭ. ಸೊನ್ನೆಯನ್ನು ಮರಳಿ ಒಂದಕ್ಕೆ ಏರಿಸಬೇಕಾದರೆ ಇಡಿಯ ಅಂಕಣವನ್ನೇ ಅಳಿಸಬೇಕು. ನಮ್ಮ ಕಡೆಯ ಹಗೇವನ್ನು ನೆನೆಯಿರಿ. ದಿನಕ್ಕೊಂದು ಸೇರು ಜೋಳಕ್ಕಾಗಿ ಅದರ ಬಾಯಿ ತೆಗೆಯುವವರುಂಟೆ? ತೆಗೆದರೆ ಕಾಳನ್ನೆಲ್ಲ ಹೊರಕ್ಕೆ ಹಾಕಬೇಕು. ಆದುದರಿಂದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೂಲ ತಂತ್ರಾಂಶವನ್ನು ಬಿಗಿಯಾಗಿ ಅದುಮಿ, ಸ್ಕ್ವಾಶ್‌ಎಫ್‌ಎಸ್ ಎಂಬ ಓದುವುದಕ್ಕಷ್ಟೇ ಬರುವ ಭಾಗದಲ್ಲಿ ಮುಚ್ಚಿಡುತ್ತಾರೆ. ಉಳಿದ ಅಂಕಣಗಳು ಬರೆಯಲು ಬರುವ ಜೆಎಫ್‌ಎಫ್‌ಎಸ್2 ಎಂಬ ಭಾಗ. ಇದು ಕೆಳಗಿನದರ ಮೇಲೆ ಹೊದಿಸಿದ ತೆಳುವಾದ ಪಾರದರ್ಶಕ ಹಾಳೆಯಂತೆ. ಕೆಳಗಿನ ಪ್ಯಾಕೇಜನ್ನು ಅಳಿಸಿದಾಗ ಅದು ಅಳಿಯುವುದಿಲ್ಲ. ‘ಇದು ಇಲ್ಲ’ ಎಂಬ ಗುರುತೊಂದು ಮೇಲಿನ ಹಾಳೆಯಲ್ಲಿ ಬೀಳುತ್ತದೆ, ಅಷ್ಟೆ. ಆ ಗುರುತಿಗೂ ಜಾಗ ಬೇಕಲ್ಲ! ಕೆಳಗಿನದನ್ನು ಹೊಸ ಆವೃತ್ತಿಗೆ ಏರಿಸಿದರಂತೂ ಹಳೆಯದು ಕೆಳಗೆ, ಹೊಸದು ಮೇಲೆ, ಎರಡೂ ಉಳಿಯುತ್ತವೆ. ಸಾಲದುದಕ್ಕೆ, ಜೆಎಫ್‌ಎಫ್‌ಎಸ್2 ನಡೆಯಲು ಕನಿಷ್ಠ ಐದು ಅಂಕಣಗಳಾದರೂ, ಎಂದರೆ 320 ಕಿಲೋಬೈಟಾದರೂ, ಇರಲೇಬೇಕು.

ಹಾಗಾದರೆ ಹೊಸ ಪ್ಯಾಕೇಜನ್ನು ಎಲ್ಲಿಡುವುದು? ರ್‍ಯಾಮ್ ಸ್ಮೃತಿಯಲ್ಲಿ ಇಡಬಹುದು. ಆದರೆ ವಿದ್ಯುತ್ತು ಹೋದೊಡನೆ ಅದೂ ಹೋಗುತ್ತದೆ. ಹಳ್ಳಿಯ ಮನೆಗೆ ಈ ಉಪಾಯವನ್ನು ಹೇಳದಿರುವುದೇ ಲೇಸು. ಪೆನ್‌ಡ್ರೈವನ್ನು ಸಿಕ್ಕಿಸಿ ಮೇಲಿನ ಹಾಳೆಯನ್ನೇ ಅಲ್ಲಿಗೆ ಸಾಗಿಸುವುದು ಇನ್ನೊಂದು ದಾರಿ. ಆದರೆ ಪೆನ್‌ಡ್ರೈವನ್ನು ಗುರುತಿಸುವ ತಂತ್ರಾಂಶವು ಮೊದಲು ಒಳಗಿನ ಇಕ್ಕಟ್ಟಿನಲ್ಲಿಯೇ ಹಿಡಿಯಬೇಕು. ದೊಡ್ಡ ಕಣಜದ ಬೀಗದ ಕೈಯನ್ನಿಡಲು ಗುಡಿಸಲಿನಲ್ಲಿ ಗೂಡಿಲ್ಲದ ಪರಿಸ್ಥಿತಿ. ಎಂಆರ್3020ಕ್ಕೆ ಯುಎಸ್‌ಬಿ ಬಾಯಿ ಇರುವುದೂ ಒಂದೇ. ಅದರಲ್ಲಿ ಡಾಂಗಲ್ ಕುಳಿತಿದ್ದರೆ ಪೆನ್‌ಡ್ರೈವಿಗೆ ಬೇರೆ ಹಬ್ ಬೇಕು.

ಬಲ್ಲವರು ಹಿಡಿಯುವ ದಾರಿ ಬೇರೆ. ಹಗೇವನ್ನು ತುಂಬುವ ಮೊದಲೇ ಕಾಳನ್ನು ಆರಿಸುವಂತೆ, ಇಮೇಜ್ ಬಿಲ್ಡರ್ ಎಂಬ ಸಾಧನದಿಂದ ದೊಡ್ಡ ಗಣಕಯಂತ್ರದಲ್ಲಿ ಹೊಸ ಮೂಲ ತಂತ್ರಾಂಶವನ್ನೇ ಸಿದ್ಧಪಡಿಸುತ್ತಾರೆ. ಬೇಡವಾದುದನ್ನು, ಮುಖ್ಯವಾಗಿ ಲೂಸಿ ಎಂಬ ಜಾಲಪುಟರೂಪದ ನಿಯಂತ್ರಣಫಲಕವನ್ನು, ಬಿಟ್ಟು ಡಾಂಗಲ್ಲಿನ ಪ್ಯಾಕೇಜನ್ನು ಒಳಗೇ ಸೇರಿಸುತ್ತಾರೆ. ಇದರಲ್ಲಿ ಇನ್ನೊಂದು ಲಾಭವಿದೆ. ಮೇಲಿನ ಹಾಳೆಯಲ್ಲಿ ಮಾಹಿತಿಯನ್ನು 4 ಕಿಲೋಬೈಟಿನ ತುಣುಕುಗಳಾಗಿ ಅದುಮಿದರೆ, ಕೆಳಗೆ ಸಾಮಾನ್ಯವಾಗಿ 256 ಕಿಲೋಬೈಟಿನ ರಾಶಿಯನ್ನೇ ಒಟ್ಟಿಗೆ ಅದುಮುತ್ತಾರೆ. ರಾಶಿ ದೊಡ್ಡದಾದಷ್ಟೂ ಮರುಕಳಿಸುವ ಅಂಶಗಳು ಹೆಚ್ಚು ಸಿಕ್ಕುವುದರಿಂದ ಅದೇ ಪ್ಯಾಕೇಜು ಅಲ್ಲಿ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ.

ಈ ಜಾಣ್ಮೆಗೂ ಒಂದು ಮಿತಿಯುಂಟು. 4 ಮೆಗಾಬೈಟು ಫ್ಲಾಶ್, 32 ಮೆಗಾಬೈಟು ರ್‍ಯಾಮ್ ಉಳ್ಳ ಯಂತ್ರಗಳಿಗೆ ಅಧಿಕೃತವಾಗಿ ದೊರೆತ ಕೊನೆಯ ಸರಣಿ 19.07; 2022ರಲ್ಲಿ ಅದರ ಪೋಷಣೆಯೂ ನಿಂತಿತು. ಮುಂದಿನ 21.02ಕ್ಕೆ ಕನಿಷ್ಠ 8 ಮತ್ತು 64 ಬೇಕಾಯಿತು. ಆ ಬಳಿಕ ಬೆಳಕಿಗೆ ಬಂದ ಭದ್ರತಾದೋಷಗಳಿಗೆ ಹಳೆಯ ಯಂತ್ರದಲ್ಲಿ ಮದ್ದಿಲ್ಲ. ಜಾಗದ ಅಭಾವಕ್ಕಿಂತಲೂ ಗುರುತರವಾದುದು ಇದೇ ಎಂದು ನನ್ನ ಎಣಿಕೆ. ಹಳೆಯ ರೌಟರನ್ನು ಅಗ್ಗಕ್ಕೆ ಕೊಳ್ಳುವ ವಿದ್ಯಾರ್ಥಿಯು ಹೆಸರನ್ನಷ್ಟೇ ನೋಡಿದರೆ ಸಾಲದು, ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುವ ಆವೃತ್ತಿಯ ಸಂಖ್ಯೆಯನ್ನೂ ನೋಡಬೇಕು. ಎಂಆರ್3020ರ ಮೂರನೆಯ ಆವೃತ್ತಿಯಲ್ಲಿ 8 ಮತ್ತು 64 ಇವೆ. ಲಿಂಕ್‌ಸಿಸ್ ರೌಟರಿನ ಕಥೆ ಇದಕ್ಕೆ ವಿರುದ್ಧ: 2005ರ ಐದನೆಯ ಆವೃತ್ತಿಯಲ್ಲಿ 4 ಇದ್ದ ಫ್ಲಾಶ್ 2ಕ್ಕೂ, 16 ಇದ್ದ ರ್‍ಯಾಮ್ 8ಕ್ಕೂ ಇಳಿದಿದ್ದುವು; ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಅದೇ ಆಗಿತ್ತು.