ಪ್ರತ್ಯೇಕ ಕೋಣೆಯ ಇತಿಹಾಸಕಾರ

೧೯೩೯ನೆಯ ಇಸವಿ. ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ರಾಜಧಾನಿಯಾದ ರಾಲೀ ನಗರದ ಸರ್ಕಾರಿ ಪತ್ರಾಗಾರಕ್ಕೆ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬನು ಬಂದನು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕನಾದ ಅವನು ಹಳೆಯ ದಾಖಲೆಗಳನ್ನು ನೋಡಬಯಸಿದ್ದನು. ಅಧಿಕಾರಿಗೆ ಪೇಚಾಟಕ್ಕಿಟ್ಟುಕೊಂಡಿತು. ಬಂದವನು ಕರಿಯ, ಕರಿಯನೊಬ್ಬನು ಇಲ್ಲಿಗೆ ಓದಲು ಬಂದಾನೆಂದು ಆ ಕಟ್ಟಡವನ್ನು ಕಟ್ಟಿದವರು ಎಣಿಸಿಯೇ ಇರಲಿಲ್ಲ. ಬಿಳಿಯರ ಸಾಲಿನಲ್ಲಿ ಅವನನ್ನು ಕೂರಿಸುವಂತಿಲ್ಲ.

ಕೆಲವು ದಿನಗಳಲ್ಲಿಯೇ ಒಂದು ಪ್ರತ್ಯೇಕ ಕೋಣೆ ಸಿದ್ಧವಾಯಿತು. ಆದರೆ ಕಡತಗಳನ್ನು ತಂದುಕೊಡುವವರು ಯಾರು? ಬಿಳಿಯ ನೌಕರರು ಕರಿಯನ ಸೇವೆ ಮಾಡುವುದೆಂದರೇನು! ಕೊನೆಗೆ ಅಧಿಕಾರಿಯು ಉಗ್ರಾಣದ ಬೀಗದ ಕೈಯನ್ನೇ ತರುಣನಿಗೆ ಕೊಟ್ಟು, ಬೇಕಾದುದನ್ನು ತಾನೇ ತೆಗೆದುಕೊಳ್ಳಬಹುದೆಂದನು. ಎರಡು ವಾರ ಕಳೆಯುವಷ್ಟರಲ್ಲಿ ಬಿಳಿಯ ವಿದ್ವಾಂಸರಲ್ಲಿ ಗೊಣಗಾಟ ಹುಟ್ಟಿತು. ತಾವು ಚೀಟಿ ಬರೆದು ಕಾದು ಕುಳಿತಿರಲು ಅವನು ನೇರವಾಗಿ ಒಳಹೊಕ್ಕು ಕಪಾಟುಗಳ ನಡುವೆ ಓಡಾಡುತ್ತಿದ್ದಾನೆ. ತಮಗೂ ಬೀಗದ ಕೈ ಬೇಕು! ಅಧಿಕಾರಿಯು ಕೈಯನ್ನು ಹಿಂದಕ್ಕೆ ಪಡೆದನು; ಅಂದಿನಿಂದ ನೌಕರರೇ ತರುಣನಿಗೂ ಕಡತಗಳನ್ನು ಒದಗಿಸಬೇಕಾಯಿತು. ತಾರತಮ್ಯದ ಕಟ್ಟಳೆ ತನ್ನ ಬಲೆಯಲ್ಲಿ ತಾನೇ ಸಿಕ್ಕಿಬಿದ್ದಿತ್ತು.

ಆ ತರುಣನೇ ಜಾನ್ ಹೋಪ್ ಫ್ರಾಂಕ್ಲಿನ್. ಮುಂದೆ ಅಮೆರಿಕದ ಇತಿಹಾಸಕಾರರ ಪರಿಷತ್ತಿಗೇ ಅಧ್ಯಕ್ಷರಾದವರು.

ಬೂದಿಯಾದ ಬೀದಿ

ಫ್ರಾಂಕ್ಲಿನ್ನರು ಹುಟ್ಟಿದ್ದು ೧೯೧೫ರ ಜನವರಿ ೨ರಂದು, ಓಕ್ಲಹೋಮ ಸಂಸ್ಥಾನದ ರೆಂಟೀಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ತಂದೆ ಬಕ್ ಕೋಲ್ಬರ್ಟ್ ಫ್ರಾಂಕ್ಲಿನ್ ವಕೀಲರು. ತಾಯಿ ಮೋಲಿ ಶಾಲೆಯ ಉಪಾಧ್ಯಾಯಿನಿ. ಬಾಲಕನಿಗೆ ಆರು ವರ್ಷವಾಗಿದ್ದಾಗ ತಾಯಿ ಮಕ್ಕಳೊಡನೆ ರೈಲುಬಂಡಿಯಲ್ಲಿ ಹೊರಟಿದ್ದರು. ಅವರು ಕುಳಿತದ್ದು ಬಿಳಿಯರ ಡಬ್ಬಿ. ಅಲ್ಲಿಂದ ಏಳಲು ಒಪ್ಪದ ತಪ್ಪಿಗೆ ಬಂಡಿಯನ್ನು ನಡುದಾರಿಯಲ್ಲಿ ನಿಲ್ಲಿಸಿ ತಾಯಿಮಕ್ಕಳನ್ನು ಕೆಳಗಿಳಿಸಲಾಯಿತು. ಕಾಡುದಾರಿಯಲ್ಲಿ ನಡೆಯುತ್ತ ಅಳತೊಡಗಿದ ಮಗನಿಗೆ ಆ ತಾಯಿ ಬುದ್ಧಿ ಹೇಳಿದರು: ಆ ಬಂಡಿಯಲ್ಲಿದ್ದವರಾರೂ ನಿನಗಿಂತ ಮೇಲಲ್ಲ, ಅಳುವುದರಲ್ಲಿ ಶಕ್ತಿಯನ್ನು ಕಳೆಯದೆ ಅದನ್ನು ನಿಜಮಾಡಿ ತೋರಿಸು.

ಅದೇ ೧೯೨೧ರಲ್ಲಿ ತಂದೆ ಟಲ್ಸ ನಗರಕ್ಕೆ ಹೋಗಿ ವಕೀಲಿ ಆರಂಭಿಸಿದರು. ಮನೆಮಾಡಿ ಸಂಸಾರವನ್ನು ಕರೆಸಿಕೊಳ್ಳಬೇಕೆಂದಿದ್ದರು. ಅಷ್ಟರಲ್ಲಿ ಮೇ ೩೧ ಮತ್ತು ಜೂನ್ ೧ರಂದು ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕರಿಯರ ಬಡಾವಣೆಯ ಮೇಲೆ ಬಿದ್ದಿತು. ಕೊಲೆ, ಸುಲಿಗೆಗಳ ಜೊತೆಗೆ ಬೀದಿಬೀದಿಗಳೇ ಉರಿದು ಬೂದಿಯಾದವು. ತಂದೆಯ ಕಚೇರಿಯೂ ಸುಟ್ಟುಹೋಯಿತು. ಅವರು ಗುಡಾರ ಹಾಕಿಕೊಂಡು ಅದರಲ್ಲಿಯೇ ವಕೀಲಿ ನಡೆಸಿದರು. ನೊಂದವರು ಮತ್ತೆ ಮನೆ ಕಟ್ಟದಂತೆ ತಡೆಯಲು ನಗರಸಭೆ ತಂದ ಕಟ್ಟಳೆಯನ್ನು ನ್ಯಾಯಾಲಯದಲ್ಲಿ ಎದುರಿಸಿ ಗೆದ್ದರು. ಸಂಸಾರ ಒಂದುಗೂಡಿದ್ದು ನಾಲ್ಕು ವರ್ಷಗಳ ಮೇಲೆ, ೧೯೨೫ರಲ್ಲಿ.

ಗುರುವಿನ ಋಣ

ತಂದೆಯಂತೆ ತಾನೂ ವಕೀಲನಾಗಬೇಕೆಂದು ಮಗನ ಹಂಬಲ. ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾನಿಲಯದಲ್ಲಿ ಥಿಯೋಡರ್ ಕರಿಯರ್ ಎಂಬ ಬಿಳಿಯ ಪ್ರಾಧ್ಯಾಪಕರ ಪಾಠ ಕೇಳಿದ ಮೇಲೆ ಮನಸ್ಸು ಇತಿಹಾಸದತ್ತ ತಿರುಗಿತು. ೧೯೩೫ರಲ್ಲಿ ಪದವಿ ಮುಗಿದು ಹಾರ್ವರ್ಡಿನಲ್ಲಿ ಪ್ರವೇಶ ದೊರೆಯಿತು. ಹಣ ಮಾತ್ರ ಇಲ್ಲ. ಕರಿಯರ್ ಅವರು ತಾವೇ ೫೦೦ ಡಾಲರ್ ಸಾಲ ತಂದು ಶಿಷ್ಯನ ಕೈಯಲ್ಲಿಟ್ಟರು. ೧೯೪೧ರಲ್ಲಿ ಫ್ರಾಂಕ್ಲಿನ್ನರು ಡಾಕ್ಟರೇಟ್ ಪಡೆದರು. ರಾಲೀಯ ಪ್ರತ್ಯೇಕ ಕೋಣೆಯಲ್ಲಿ ಕಲೆಹಾಕಿದ ಸಾಮಗ್ರಿಯೇ ೧೯೪೩ರಲ್ಲಿ ಅವರ ಮೊದಲ ಗ್ರಂಥವಾಯಿತು. ಅಂತರ್ಯುದ್ಧಕ್ಕೆ ಮುನ್ನ ಉತ್ತರ ಕೆರೊಲಿನಾದಲ್ಲಿ ಗುಲಾಮರಲ್ಲದ ಕರಿಯರೂ ಇದ್ದರು. ೧೮೬೦ರಲ್ಲಿ ಅವರ ಸಂಖ್ಯೆ ೩೦ ಸಾವಿರವನ್ನು ಮೀರಿತ್ತು. ಸ್ವತಂತ್ರರೆನಿಸಿಯೂ ಸ್ವಾತಂತ್ರ್ಯವಿಲ್ಲದ ಆ ಜನರ ಬಾಳನ್ನು ಅವರು ದಾಖಲೆಗಳಿಂದಲೇ ಬಿಡಿಸಿಟ್ಟರು.

ಈ ನಡುವೆ ಯುದ್ಧ ಬಂದಿತ್ತು. ನೌಕಾದಳದ ಕಚೇರಿಯಲ್ಲಿ ಗುಮಾಸ್ತರ ಕೊರತೆಯಿದೆಯೆಂದು ಕೇಳಿ ಫ್ರಾಂಕ್ಲಿನ್ನರು ತಾವಾಗಿ ಮುಂದೆ ಬಂದರು. ಎಲ್ಲ ಯೋಗ್ಯತೆಯೂ ಇದೆ, ಬಣ್ಣವೊಂದು ಸರಿಯಿಲ್ಲವೆಂಬ ಉತ್ತರ ಬಂದಿತು. ೧೯೪೫ರಲ್ಲಿ ಗ್ರೀನ್ಸ್‌ಬರೋದಿಂದ ಡರಮ್‌ಗೆ ಹೊರಟ ರೈಲಿನಲ್ಲಿ ಕರಿಯರು ಅರ್ಧ ಡಬ್ಬಿಯಲ್ಲಿ ಕಾಲಿಡಲು ಎಡೆಯಿಲ್ಲದೆ ನಿಂತಿದ್ದರು. ಪಕ್ಕದ ಡಬ್ಬಿಯಲ್ಲಿ ಆರೇ ಮಂದಿ ಬಿಳಿಯರು ಹಾಯಾಗಿ ಕುಳಿತಿದ್ದರು. ವಿಚಾರಿಸಲು, ಅವರು ಸೆರೆಸಿಕ್ಕ ಜರ್ಮನ್ ಸೈನಿಕರೆಂದು ತಿಳಿಯಿತು! ದೇಶದ ಪ್ರಜೆಗಿಲ್ಲದ ಆಸನ ದೇಶದ ಶತ್ರುವಿಗೆ ಇತ್ತು.

ಕೋಪವನ್ನು ನುಂಗಿದ ಲೇಖನಿ

ಇಷ್ಟೆಲ್ಲ ಉಂಡವರ ಲೇಖನಿಯಿಂದ ವಿಷ ಹರಿದಿದ್ದರೆ ಅಚ್ಚರಿಯೇನಿರಲಿಲ್ಲ. ಆದರೆ ೧೯೪೭ರಲ್ಲಿ ಹೊರಬಂದ ಅವರ ‘ಫ್ರಮ್ ಸ್ಲೇವರಿ ಟು ಫ್ರೀಡಮ್’ ಎಂಬ ಮಹಾಗ್ರಂಥದಲ್ಲಿ ಅಬ್ಬರವಿಲ್ಲ. ಆಫ್ರಿಕದ ಪ್ರಾಚೀನ ರಾಜ್ಯಗಳಿಂದ ಹೊರಟು, ಗುಲಾಮರ ಹಡಗುಗಳನ್ನು ಹಾದು, ತಮ್ಮ ಕಾಲದವರೆಗೆ ಒಂದು ಜನಾಂಗದ ಕಥೆಯನ್ನು ಅವರು ಸಮಾಧಾನದಿಂದ ಹೇಳಿದರು. ಆಗಿನ ಪ್ರಸಿದ್ಧ ಇತಿಹಾಸಕಾರರಲ್ಲಿ ಹಲವರು ಗುಲಾಮಗಿರಿಯನ್ನು ಒಡೆಯನ ಮಮತೆಯ ಪಾಠಶಾಲೆಯೆಂಬಂತೆ ಚಿತ್ರಿಸಿದ್ದರು. ಅಂತರ್ಯುದ್ಧದ ಅನಂತರ ಕರಿಯರಿಗೆ ಮತಾಧಿಕಾರ ಬಂದ ಕಾಲವನ್ನು ಅರಾಜಕತೆಯೆಂದು ಹಳಿದಿದ್ದರು. ಫ್ರಾಂಕ್ಲಿನ್ನರು ಅವರೊಡನೆ ಜಗಳವಾಡಲಿಲ್ಲ; ಮರೆತ ಕಡತಗಳನ್ನು ತಂದು ಮುಂದಿಟ್ಟರು. ಆ ಗ್ರಂಥದ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ೧೯೬೧ರ ‘ರಿಕನ್‌ಸ್ಟ್ರಕ್ಷನ್ ಆಫ್ಟರ್ ದ ಸಿವಿಲ್ ವಾರ್’ ಎಂಬ ಕೃತಿಯಲ್ಲಿ ಎರಡನೆಯ ಅಪವಾದಕ್ಕೂ ಉತ್ತರ ದೊರೆಯಿತು.

ಅವರ ವಿದ್ಯೆ ಗ್ರಂಥಾಲಯದ ಹೊಸ್ತಿಲಲ್ಲಿಯೇ ನಿಲ್ಲಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಹೂಡಿದ ಬ್ರೌನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೩ರಲ್ಲಿ ಒಂದು ಪ್ರಶ್ನೆ ಕೇಳಿತು: ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯನ್ನು ರಚಿಸಿದವರ ಉದ್ದೇಶವೇನಿತ್ತು? ಅದು ಇತಿಹಾಸಕಾರರು ಉತ್ತರಿಸಬೇಕಾದ ಪ್ರಶ್ನೆ. ವಕೀಲ ತರ್ಗುಡ್ ಮಾರ್ಷಲ್ಲರು ಕರೆದ ವಿದ್ವಾಂಸರಲ್ಲಿ ಫ್ರಾಂಕ್ಲಿನ್ನರೂ ಒಬ್ಬರು. ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಮುಗಿಸಿ ವಾರವಾರವೂ ನ್ಯೂಯಾರ್ಕಿಗೆ ಹೋಗಿ ಅವರು ದುಡಿದರು. ೧೯೫೪ರ ಮೇ ೧೭ರಂದು ಪ್ರತ್ಯೇಕ ಶಾಲೆಗಳ ವಿರುದ್ಧ ತೀರ್ಪು ಹೊರಬಿದ್ದಿತು.

ಪದವಿ ಏರಿದರೂ

೧೯೫೬ರಲ್ಲಿ ಅವರು ಬ್ರೂಕ್ಲಿನ್ ಕಾಲೇಜಿನ ಇತಿಹಾಸ ವಿಭಾಗದ ಮುಖ್ಯಸ್ಥರಾದರು. ಬಿಳಿಯರೇ ಹೆಚ್ಚಾಗಿದ್ದ ಕಾಲೇಜಿನಲ್ಲಿ ಕರಿಯ ಪ್ರಾಧ್ಯಾಪಕರಿಗೆ ಅಂತಹ ಸ್ಥಾನ! ವಾರ್ತೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮೊದಲ ಪುಟದಲ್ಲಿ ಬಂದಿತು. ಆದರೆ ಕಾಲೇಜಿನ ಬಳಿ ಮನೆ ಮಾರುವವರು ಸಿಗಲಿಲ್ಲ. ಸಿಕ್ಕಿದಾಗ ಬ್ಯಾಂಕುಗಳು ಸಾಲ ಕೊಡಲಿಲ್ಲ. ಆ ಒದ್ದಾಟದಲ್ಲಿ ಕಳೆದ ತಿಂಗಳುಗಳಲ್ಲಿ ಎಷ್ಟು ಪುಟಗಳನ್ನು ಬರೆಯಬಹುದಾಗಿತ್ತೋ!

೧೯೬೪ರಿಂದ ಶಿಕಾಗೋ, ೧೯೮೩ರಿಂದ ಡ್ಯೂಕ್ ವಿಶ್ವವಿದ್ಯಾನಿಲಯ. ೧೯೬೫ರಲ್ಲಿ ಇತರ ಇತಿಹಾಸಕಾರರೊಡನೆ ಮಾಂಟ್‌ಗೊಮರಿಯ ಮತಾಧಿಕಾರ ಯಾತ್ರೆಯಲ್ಲಿ ಅವರೂ ಹೆಜ್ಜೆ ಹಾಕಿದರು. ೧೯೭೯ರಲ್ಲಿ ಅಮೆರಿಕನ್ ಇತಿಹಾಸ ಪರಿಷತ್ತಿನ ಅಧ್ಯಕ್ಷರಾದರು.

ಅವರ ಶ್ರದ್ಧೆಗೆ ಒಂದೇ ನಿದರ್ಶನ ಸಾಕು. ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬಾತ ೧೮೮೨ರಲ್ಲಿಯೇ ಕರಿಯರ ಇತಿಹಾಸವನ್ನು ಬರೆದವನು; ಕಾಂಗೋದಲ್ಲಿ ನಡೆಯುತ್ತಿದ್ದ ಕ್ರೌರ್ಯವನ್ನು ಕಂಡು ೧೮೯೦ರಲ್ಲಿ ಬೆಲ್ಜಿಯಂ ದೊರೆಗೆ ಬಹಿರಂಗ ಪತ್ರ ಬರೆದ ಧೀರ. ಮರುವರ್ಷ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ತೀರಿಕೊಂಡ ಅವನನ್ನು ಲೋಕ ಮರೆತಿತ್ತು. ಫ್ರಾಂಕ್ಲಿನ್ನರು ನಾಲ್ವತ್ತು ವರ್ಷ ಅವನ ಜಾಡು ಹಿಡಿದು ನಡೆದರು. ಗುರುತಿಲ್ಲದ ಗೋರಿಯನ್ನು ಪತ್ತೆಮಾಡಿ ಕಲ್ಲು ನೆಡಿಸಿದರು. ೧೯೮೫ರಲ್ಲಿ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದರು.

೧೯೯೫ರಲ್ಲಿ ರಾಷ್ಟ್ರಾಧ್ಯಕ್ಷರಿಂದ ಸ್ವಾತಂತ್ರ್ಯಪದಕ. ಅದರ ಹಿಂದಿನ ಸಂಜೆ ವಾಷಿಂಗ್ಟನ್ನಿನ ಕ್ಲಬ್ಬೊಂದರಲ್ಲಿ ಅವರು ಮಿತ್ರರಿಗೆ ಔತಣ ಏರ್ಪಡಿಸಿದ್ದರು. ಬಿಳಿಯ ಮಹಿಳೆಯೊಬ್ಬಳು ಬಂದು ಅವರ ಕೈಗೆ ಚೀಟಿ ಕೊಟ್ಟು, ತನ್ನ ಕೋಟನ್ನು ತರುವಂತೆ ಅಪ್ಪಣೆ ಮಾಡಿದಳು! ಎಂಬತ್ತರ ವೃದ್ಧರು ಸಿಡುಕಲಿಲ್ಲ. ಸಮವಸ್ತ್ರ ತೊಟ್ಟ ನೌಕರರನ್ನು ಕೇಳಿದರೆ ಕೋಟು ದೊರೆಯುವುದೆಂದು ತಿಳಿಸಿದರು.

೨೦೦೫ರಲ್ಲಿ ‘ಮಿರರ್ ಟು ಅಮೆರಿಕ’ ಎಂಬ ಆತ್ಮಕಥೆ ಬಂದಿತು. ೨೦೦೯ರ ಮಾರ್ಚ್ ೨೫ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಡರಮ್ ನಗರದಲ್ಲಿ ಅವರು ಕಣ್ಮುಚ್ಚಿದರು. ಮರುವರ್ಷ ಟಲ್ಸದಲ್ಲಿ ಅವರ ಹೆಸರಿನ ಉದ್ಯಾನವೊಂದು ತೆರೆಯಿತು.

ಕಥೆಗೆ ಇನ್ನೊಂದು ಪುಟವಿದೆ. ಆ ಘೋರ ದಿನಗಳಲ್ಲಿ ಕಣ್ಣಾರೆ ಕಂಡುದನ್ನು ತಂದೆಯವರು ೧೯೩೧ರಲ್ಲಿ ಟೈಪು ಮಾಡಿ ಇರಿಸಿದ್ದರು. ಆ ಹತ್ತು ಹಾಳೆಗಳು ಬೆಳಕಿಗೆ ಬಂದದ್ದು ೨೦೧೫ರಲ್ಲಿ, ಮಗನ ಕಾಲವೂ ಮುಗಿದ ಮೇಲೆ. ಇಂದು ಅವು ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳನ್ನು ಓದಬಯಸುವವರಿಗೆ ಪ್ರತ್ಯೇಕ ಕೋಣೆಯ ಅಗತ್ಯವಿಲ್ಲ.