ಮಾಯಾಕೋಟೆಯಲ್ಲಿ ಮನೆಯ ರುಚಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನಿಗೆ ಮೊದಲು ನೆನಪಾಗುವುದು ಊರಿನ ರುಚಿ. ಅನಂತರ ಊರಿನ ಮಾತು. ಎರಡೂ ನಾಲಿಗೆಯ ಮೇಲಿನ ಸಂಗತಿಗಳೇ. ಈ ಸತ್ಯವನ್ನು ಹೈದರಾಬಾದಿನ ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಹೋಟೆಲುಗಳ ಹುಡುಗರೂ ಗುಮಾಸ್ತ ಬಂಧುಗಳ ಮನೆಯ ಕಾಲೇಜು ಮಕ್ಕಳೂ ರಾತ್ರಿ ನಿದ್ರೆಗೆಟ್ಟು ಮೊಬೈಲಿನಲ್ಲಿ ನೋಡುವ ಜಪಾನೀ ಚಿತ್ರಕಥೆಯೊಂದು ಇದೇ ಸತ್ಯವನ್ನು ಹೇಳುತ್ತದೆಯೆಂದರೆ ಹಿರಿಯರಿಗೆ ಆಶ್ಚರ್ಯವಾದೀತು. ಬಿಡಿಬಿಡಿಯಾಗಿ ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ತಯಾರಿಸುವ ಜಪಾನೀ ಕೃತಿಗಳಿಗೆ 'ಅನಿಮೆ' ಎಂದು ಹೆಸರು. ಇದೆಲ್ಲ ಮಕ್ಕಳಾಟಿಕೆಯೆಂದು ತಳ್ಳಿಹಾಕುವ ಮುನ್ನ ಅವುಗಳಲ್ಲಿ ಒಂದನ್ನಾದರೂ ತಿಳಿದು ನೋಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಹತ್ತು ಸಾವಿರ ಬಂದಿಗಳು

ಆ ಕಥಾಮಾಲೆಯ ಹೆಸರು 'ಸ್ವೋರ್ಡ್ ಆರ್ಟ್ ಆನ್‌ಲೈನ್'. ರೇಕಿ ಕವಹಾರಾ ಎಂಬ ಲೇಖಕರು ಇದನ್ನು ಒಂದು ಕಾದಂಬರಿ ಸ್ಪರ್ಧೆಗೆಂದು ಬರೆಯತೊಡಗಿದರು. ಬರವಣಿಗೆಯು ಸ್ಪರ್ಧೆಯವರು ಗೊತ್ತುಮಾಡಿದ್ದ ಪುಟಗಳ ಮಿತಿಯನ್ನು ಮೀರಿದ್ದರಿಂದ ಕಳುಹಿಸಲು ಬರಲಿಲ್ಲ. ಲೇಖಕರು ಎದೆಗುಂದದೆ ೨೦೦೨ರಿಂದ ಅದನ್ನು ಅಂತರಜಾಲದಲ್ಲಿ ತಾವೇ ಪ್ರಕಟಿಸುತ್ತ ಬಂದರು. ೨೦೦೯ರಲ್ಲಿ ಅದು ಪುಸ್ತಕವಾಯಿತು; ೨೦೧೨ರಲ್ಲಿ ೨೫ ಕಂತುಗಳ ಅನಿಮೆಯಾಯಿತು. ೨೦೧೪ರಲ್ಲಿ ಎರಡನೆಯ ಮಾಲೆ, ೨೦೧೭ರಲ್ಲಿ ಚಲನಚಿತ್ರ, ೨೦೧೮ರಿಂದ ೨೦೨೦ರವರೆಗೆ ಇನ್ನೊಂದು ದೀರ್ಘ ಮಾಲೆ, ೨೦೨೧ ಮತ್ತು ೨೦೨೨ರಲ್ಲಿ ಮತ್ತೆರಡು ಚಲನಚಿತ್ರಗಳು, ಹೀಗೆ ಅದರ ಸಂತಾನ ಬೆಳೆಯುತ್ತಲೇ ಬಂದಿದೆ.

ಕಥೆಯ ಬೀಜ ಇಷ್ಟೇ. ತಲೆಗೆ ಶಿರಸ್ತ್ರಾಣದಂಥ ಒಂದು ಯಂತ್ರವನ್ನು ಧರಿಸಿ ಮಲಗಿದರೆ, ದೇಹ ಮಂಚದ ಮೇಲಿರುತ್ತದೆ. ಮನಸ್ಸು ಮಾತ್ರ ಗಣಕಯಂತ್ರವು ಕಟ್ಟಿದ ಕೃತಕ ಲೋಕದಲ್ಲಿ ಓಡಾಡುತ್ತದೆ. ಅಲ್ಲಿ ಆಕಾಶದಲ್ಲಿ ತೇಲುವ ನೂರು ಅಂತಸ್ತುಗಳ ಒಂದು ಕೋಟೆ. ಅದರ ಹೆಸರು ಐನ್‌ಕ್ರಾಡ್. ಕಥೆಯ ಪ್ರಕಾರ ೨೦೨೨ರ ನವೆಂಬರ್ ೬ರಂದು ಹತ್ತು ಸಾವಿರ ಮಂದಿ ಆ ಆಟಕ್ಕೆ ಇಳಿಯುತ್ತಾರೆ. ಆಟವನ್ನು ಕಟ್ಟಿದ ಕಯಾಬಾ ಎಂಬಾತ ಆಗ ಪ್ರತ್ಯಕ್ಷನಾಗಿ, ಹೊರಗೆ ಹೋಗುವ ದಾರಿ ಮುಚ್ಚಿದೆಯೆಂದೂ, ನೂರನೆಯ ಅಂತಸ್ತನ್ನು ಗೆದ್ದ ಹೊರತು ಬಿಡುಗಡೆಯಿಲ್ಲವೆಂದೂ, ಆಟದಲ್ಲಿ ಸತ್ತವನು ನಿಜವಾಗಿಯೂ ಸಾಯುವನೆಂದೂ ಸಾರುತ್ತಾನೆ. ಎರಡು ವರ್ಷಗಳ ಅನಂತರ ಸೆರೆ ಬಿಚ್ಚುವ ವೇಳೆಗೆ ಸುಮಾರು ನಾಲ್ಕು ಸಾವಿರ ಮಂದಿ ಪ್ರಾಣ ಕಳೆದುಕೊಂಡಿರುತ್ತಾರೆ.

ಲೇಖಕರು ಬರೆದಾಗ ದೂರದ ಭವಿಷ್ಯವಾಗಿದ್ದ ಆ ದಿನಗಳು ಈಗ ಕಳೆದುಹೋಗಿವೆ. ಕಣ್ಣಿಗೆ ಕಟ್ಟಿಕೊಂಡು ಕೃತಕ ದೃಶ್ಯಗಳನ್ನು ನೋಡುವ ಕನ್ನಡಕಗಳು ಪೇಟೆಗೆ ಬಂದಿವೆ. ಮನಸ್ಸನ್ನೇ ಸಾಗಿಸುವ ಶಿರಸ್ತ್ರಾಣ ಮಾತ್ರ ಕಥೆಯಲ್ಲಿಯೇ ಉಳಿದಿದೆ.

ಒಂದು ವರ್ಷದ ಅಡಿಗೆ ತಪಸ್ಸು

ಹೊರನೋಟಕ್ಕೆ ಇದು ಕತ್ತಿವರಸೆಯ ಕಥೆ. ಆದರೆ ನಮ್ಮ ಮನಸ್ಸನ್ನು ಹಿಡಿಯುವುದು ಕತ್ತಿಯಲ್ಲ. ಹಿಂದಿರುಗಲಾಗದ ಪರಲೋಕದಲ್ಲಿ ಸಿಕ್ಕಿಬಿದ್ದ ಆ ಜನ ಏನು ಮಾಡಿದರು? ಕೆಲವರು ಮುಂದೆ ನಿಂತು ಕಾದಿದರು. ಅನೇಕರು ಮೊದಲನೆಯ ಅಂತಸ್ತಿನ ಊರಿನಲ್ಲಿಯೇ ಹೆದರಿ ಕುಳಿತರು. ಇನ್ನು ಕೆಲವರು ಕಸುಬು ಹಿಡಿದರು. ಲಿಜ್‌ಬೆತ್ ಎಂಬ ಹುಡುಗಿ ಕಮ್ಮಾರಿಕೆ ಕಲಿತು ಆಯುಧಗಳನ್ನು ಮಾಡಿದಳು. ಅಗಿಲ್ ಎಂಬಾತ ಅಂಗಡಿ ತೆರೆದು ಗಲ್ಲೆಯ ಮೇಲೆ ಕುಳಿತನು. ಮಹಾಯೋಧೆಯೆಂದು ಹೆಸರಾದ ಅಸುನಾ ಎಂಬವಳು ಅಡಿಗೆ ಕಲಿತಳು.

ಈ ಅಡಿಗೆಯ ಪ್ರಸಂಗವನ್ನು ನಮ್ಮ ಭಟ್ಟರು ಗಮನಿಸತಕ್ಕದ್ದು. ಆ ಲೋಕದಲ್ಲಿ ಪಾತ್ರೆಯನ್ನು ಮುಟ್ಟಿ ಹೊತ್ತು ಗೊತ್ತುಮಾಡಿದರೆ ಅಡಿಗೆ ತಾನೇ ಆಗಿಬಿಡುತ್ತದೆ. ಹೀಗೆ ಸಲೀಸಾಗಿ ಆಗುವ ಅಡಿಗೆಯಲ್ಲಿ ಸ್ವಾರಸ್ಯವಿಲ್ಲವೆಂಬುದು ಅಸುನಾಳ ದೂರು. ಅಲ್ಲಿ ಇನ್ನೊಂದು ಕೊರತೆಯೂ ಉಂಟು. ಜಪಾನೀಯರ ಊಟಕ್ಕೆ ನಮ್ಮ ಹುಣಸೆಹುಳಿಯಷ್ಟೇ ಅವಶ್ಯವಾದ ಸೋಯಾ ರಸ ಅಲ್ಲಿಲ್ಲ. ಅವಳು ಆ ಲೋಕದ ಸೊಪ್ಪು, ಬೀಜ, ಮಸಾಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದು ವರ್ಷದ ಶ್ರಮದಿಂದ ಆ ರುಚಿಯನ್ನು ಸೃಷ್ಟಿಸುತ್ತಾಳೆ. ಅದನ್ನು ಕಥಾನಾಯಕ ಕಿರಿಟೋನ ನಾಲಿಗೆಗೆ ಮುಟ್ಟಿಸಿದಾಗ ಅವನ ಮುಖ ಅರಳುತ್ತದೆ. ದೂರವಾಗಿಹೋದ ಮನೆಯು ಒಂದು ತೊಟ್ಟು ರಸದಲ್ಲಿ ಹಿಂದಿರುಗಿ ಬಂದಂತಾಗುತ್ತದೆ.

ಇದರಲ್ಲಿ ನಮಗೆ ಅಪರಿಚಿತವಾದುದು ಏನಿದೆ? ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ಅಡಿಗೆಯವರು ಇಲ್ಲಿಯ ನೀರಿಗೆ, ಇಲ್ಲಿಯ ಬೇಳೆಗೆ ಕೈ ಹೊಂದಿಸಿಕೊಳ್ಳಲು ಪಟ್ಟ ಪಾಡು ಸಾಮಾನ್ಯವೇ? ಬಣ್ಣ ಹೆಚ್ಚಾಗಿ ಖಾರ ಕಡಿಮೆಯಾದ ಬ್ಯಾಡಗಿ ಮೆಣಸಿನಕಾಯಿಯ ಕೈಯಳತೆಯನ್ನು ಗುಂಟೂರಿನ ಮೆಣಸಿನಕಾಯಿಗೆ ಹಿಡಿದರೆ ಸಾಂಬಾರು ಬಾಯಿಗಿಡುವಂತಿರುವುದಿಲ್ಲ. ಆ ಅಳತೆಯನ್ನು ತಿದ್ದಿ ತಿದ್ದಿ ಪರವೂರಿನಲ್ಲಿ ತವರಿನ ರುಚಿಯನ್ನು ನಿಲ್ಲಿಸಿದವರು ಯಾವ ಯೋಧರಿಗೂ ಕಡಮೆಯಲ್ಲ. ಹಸಿವು ಯಾವ ಅನ್ನದಿಂದಲೂ ಇಂಗುತ್ತದೆ. ಪರದೇಶಿಯೆಂಬ ಭಾವ ಇಂಗಬೇಕಾದರೆ ಮನೆಯ ರುಚಿಯೇ ಬೇಕು.

ಎತ್ತರದ ಹುಡುಗಿಯ ಒಂಟಿತನ

ಈ ಮಾಲೆಗೆ ಈಚೆಗೆ ಬಂದು ಸೇರಿದ ಭಾಗ 'ಗನ್ ಗೇಲ್ ಆನ್‌ಲೈನ್' ಎಂಬ ಉಪಕಥೆಯ ಎರಡನೆಯ ಮಾಲೆ. ಕೇಯಿಚಿ ಸಿಗ್ಸಾವಾ ಎಂಬ ಇನ್ನೊಬ್ಬ ಲೇಖಕರ ಕೃತಿಯನ್ನು ಅನುಸರಿಸಿದ ಇದರ ಮೊದಲ ಮಾಲೆ ೨೦೧೮ರಲ್ಲಿ ಬಂದಿತ್ತು. ಎರಡನೆಯದು ೨೦೨೪ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಇಲ್ಲಿ ಕತ್ತಿಯ ಬದಲು ಬಂದೂಕು. ಆಟದಲ್ಲಿ ಸೋತವನು ಸಾಯದೆ ಮನೆಗೆ ಹೋಗುತ್ತಾನೆ.

ಕಥಾನಾಯಕಿ ಕರೆನ್. ಉತ್ತರದ ಹೊಕ್ಕೈಡೋ ದ್ವೀಪದಿಂದ ವಿದ್ಯಾಭ್ಯಾಸಕ್ಕಾಗಿ ಟೋಕಿಯೋ ಮಹಾನಗರಕ್ಕೆ ಬಂದವಳು. ಅವಳ ಎತ್ತರ ೧೮೩ ಸೆಂಟಿಮೀಟರು, ಅಂದರೆ ಸರಿಸುಮಾರು ಆರು ಅಡಿ. ಆ ನಾಚಿಕೆಯಿಂದ ಕುಗ್ಗಿ, ನಗರದಲ್ಲಿ ಒಬ್ಬ ಗೆಳತಿಯೂ ಇಲ್ಲದೆ ಒಂಟಿಯಾಗಿರುತ್ತಾಳೆ. ಆಟದ ಲೋಕದಲ್ಲಿ ಅವಳಿಗೆ ದೊರಕುವ ರೂಪವೋ ಗುಲಾಬಿ ಬಣ್ಣದ ಉಡುಪು ತೊಟ್ಟ ಪುಟ್ಟ ಹುಡುಗಿಯದು. ಅಲ್ಲಿ ಅವಳ ಹೆಸರು ಲೆನ್. ಆಟದಲ್ಲಿ ದೈತ್ಯಾಕಾರದ ಹೆಂಗಸರ ತಂಡವೊಂದು ಅವಳನ್ನು ಎದುರಿಸಿ ಕಾದುತ್ತದೆ. ಅವರು ಯಾರೆಂದರೆ, ದಿನವೂ ದಾರಿಯಲ್ಲಿ ಎದುರಾಗಿ ಮಾತಿಲ್ಲದೆ ಹಾದುಹೋಗುತ್ತಿದ್ದ, ಅಂಗಸಾಧನೆ ಮಾಡುವ ಶಾಲಾ ಹುಡುಗಿಯರು! ಹಗಲಿನಲ್ಲಿ ತುಟಿಬಿಚ್ಚದವರು ಆಟದ ಅನಂತರ ಸ್ನೇಹಿತರಾಗುತ್ತಾರೆ.

ಎರಡನೆಯ ಮಾಲೆಯಲ್ಲಿ ಒಂದು ವಿಚಿತ್ರ ನಿಯಮ ಬರುತ್ತದೆ. ಉಳಿದ ಪ್ರತಿ ತಂಡದಿಂದಲೂ ಒಬ್ಬೊಬ್ಬರನ್ನು ಎತ್ತಿಕೊಂಡು, ತಮ್ಮವರ ವಿರುದ್ಧವೇ ಕಾದುವ ಹೊಸ ತಂಡವನ್ನು ಕಟ್ಟುತ್ತಾರೆ. ಹೋಟೆಲು ಬಂಧುಗಳಿಗೆ ಇದೂ ಹೊಸತಲ್ಲ. ನಿನ್ನೆ ನಮ್ಮ ಪಕ್ಕದಲ್ಲಿ ನಿಂತು ದೋಸೆ ಹುಯ್ದವನು ಇಂದು ಎದುರುಗಡೆಯ ಹೋಟೆಲಿನ ಕಾವಲಿಯ ಮುಂದೆ ನಿಂತಿರುತ್ತಾನೆ. ವ್ಯಾಪಾರದಲ್ಲಿ ಎದುರಾಳಿ, ರಜೆಯ ದಿನ ಮತ್ತೆ ಅದೇ ಅಣ್ಣತಮ್ಮಂದಿರು. ಪೈಪೋಟಿ ಬೇರೆ, ವೈರ ಬೇರೆ ಎಂಬುದನ್ನು ಈ ಕಥೆ ಚೆನ್ನಾಗಿ ತೋರಿಸಿದೆ.

ಹಿರಿಯರ ಅಂಜಿಕೆ

ಮೊಬೈಲು ಎಂದೊಡನೆ ಹಿರಿಯರು ಅಂಜುವುದಕ್ಕೆ ಕಾರಣವಿಲ್ಲದಿಲ್ಲ. ಪಣವಿಟ್ಟು ಆಡುವ ಆಟಗಳಲ್ಲಿ ತಿಂಗಳ ಸಂಬಳ ಒಂದೇ ರಾತ್ರಿಯಲ್ಲಿ ಕರಗಬಲ್ಲದು. ತೆಲಂಗಾಣ ಸರಕಾರವು ೨೦೧೭ರಲ್ಲಿಯೇ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳ ವಿರುದ್ಧ ದೇಶಕ್ಕೆಲ್ಲ ಅನ್ವಯಿಸುವ ಕಾನೂನನ್ನು ಅಂಗೀಕರಿಸಿತು. ಆದರೆ ಕಥೆ ನೋಡುವುದು ಜೂಜಲ್ಲ. ಎರಡನ್ನೂ ಒಂದೇ ಕೋಲಿನಿಂದ ಅಳೆದು ಹುಡುಗರನ್ನು ಗದರಿಸಿದರೆ, ನಿಜವಾದ ಅಪಾಯ ಬಂದಾಗ ಅವರು ನಮ್ಮ ಮಾತನ್ನು ಕೇಳಲಾರರು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಬೇಕಾದವನು ಎರಡರವರೆಗೆ ಎಚ್ಚರವಿರಬಾರದೆಂದು ಹೇಳುವುದಂತೂ ಹಿರಿಯರ ಕರ್ತವ್ಯವೇ ಸರಿ.

ಕನ್ನಡ ಎಲ್ಲಿ?

ಇನ್ನು ಮಾತಿನ ವಿಷಯ. ೨೦೨೫ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಅನಿಮೆ ಚಿತ್ರವು ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು. ಕನ್ನಡದಲ್ಲಿ ಬರಲಿಲ್ಲ. ಇದಕ್ಕೆ ಜಪಾನೀಯರನ್ನು ದೂರಿ ಫಲವಿಲ್ಲ. ೧೯೬೦ರ ದಶಕದಿಂದ ಅರ್ಧ ಶತಮಾನದಷ್ಟು ಕಾಲ ಕನ್ನಡ ಚಿತ್ರೋದ್ಯಮವೇ ಡಬ್ಬಿಂಗನ್ನು ತಡೆದಿತ್ತು. ಕನ್ನಡ ಕಲಾವಿದರ, ಕೆಲಸಗಾರರ ಅನ್ನಕ್ಕೆ ಕುತ್ತು ಬರಬಾರದೆಂಬ ಕಳಕಳಿ ಅದರ ಹಿಂದೆ ಇತ್ತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಸಲ್ಲದೆಂದು ತೀರ್ಮಾನಿಸಿತು. ೨೦೧೭ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆಗೆ ಬಂದಿತು. ತಡೆ ಹೋಯಿತು; ನೋಡುವ ರೂಢಿ ಇನ್ನೂ ಬೇರೂರಬೇಕಾಗಿದೆ.

ಚಿತ್ರಕಥೆಗೆ ಕನ್ನಡ ಒಗ್ಗದೆಂಬ ಮಾತು ಸುಳ್ಳು. ಕನ್ನಡದ ಹೊಂಬಾಳೆ ಫಿಲ್ಮ್ಸ್ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರವು ೨೦೨೫ರ ಜುಲೈಯಲ್ಲಿ ಕನ್ನಡದಲ್ಲಿಯೂ ಬಂದಿತು. ನಾವಿರುವ ಈ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ ಹುಟ್ಟಿ ೨೦೦೮ರಲ್ಲಿ ದೂರದರ್ಶನದ ಪರದೆಗೆ ಬಂದ 'ಛೋಟಾ ಭೀಮ್' ದೇಶದ ಮಕ್ಕಳನ್ನೆಲ್ಲ ಗೆದ್ದುದನ್ನೂ ಕಂಡಿದ್ದೇವೆ. ಜಪಾನಿನ ಕಥೆಯಾದರೇನು, ಭೀಮನ ಕಥೆಯಾದರೇನು, ಕೇಳುವವರುಂಟೆಂದು ತಿಳಿದರೆ ಹೇಳುವವರೂ ಹುಟ್ಟುತ್ತಾರೆ.

ಆದುದರಿಂದ ನಮ್ಮ ಸೂಚನೆ ಎರಡು. ಒಂದು, ಕನ್ನಡದಲ್ಲಿ ಬಂದ ಚಿತ್ರವನ್ನು ಕನ್ನಡದಲ್ಲಿಯೇ ನೋಡಿರಿ. ಟಿಕೆಟಿನ ಲೆಕ್ಕಕ್ಕಿಂತ ದೊಡ್ಡ ಅರ್ಜಿಯಿಲ್ಲ. ಎರಡು, ಅದು ಬರುವವರೆಗೆ ಸುಮ್ಮನೆ ಕುಳಿತಿರಬೇಡಿರಿ. ಮನೆಯ ಮಗನನ್ನೋ ಹೋಟೆಲಿನ ಮಾಣಿಯನ್ನೋ ಹತ್ತಿರ ಕೂರಿಸಿಕೊಂಡು, "ಆ ಕೋಟೆಯ ಕಥೆ ಏನಪ್ಪಾ, ನಮಗೂ ಹೇಳು" ಎಂದು ಕೇಳಿರಿ. ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳಿದ ಕಥೆಯನ್ನು ಅವನು ತಡವರಿಸುತ್ತ ಕನ್ನಡದಲ್ಲಿ ಹೇಳಲಿ. ಶಬ್ದ ಸಿಗದ ಕಡೆ ನೀವು ಒದಗಿಸಿರಿ. ಅಸುನಾ ಒಂದು ರಸಕ್ಕಾಗಿ ಒಂದು ವರ್ಷ ಶ್ರಮಿಸಿದಳು. ನಮ್ಮ ಮಾತಿಗಾಗಿ ನಾವು ವಾರಕ್ಕೆ ಒಂದು ಗಂಟೆ ಕೊಡಲಾರೆವೇ?